ನಿನ್ನೆಯ ಸಾಲವನ್ನು ಇಂದು ತೀರಿಸಬೇಕಾದವನು ಯಾರು?

ಕ್ರಿಸ್ತಪೂರ್ವ ಐದನೆಯ ಶತಮಾನದ ಸಿಸಿಲಿ ದ್ವೀಪದಲ್ಲಿ ಎಪಿಖಾರ್ಮಸ್ ಎಂಬ ಗ್ರೀಕ್ ಪ್ರಹಸನಕಾರನಿದ್ದನು. ಅವನ ಹೆಸರಿನಲ್ಲಿ ಪ್ರಾಚೀನರು ಉಳಿಸಿಕೊಂಡು ಬಂದಿರುವ ಪ್ರಸಂಗವೊಂದು ಹೀಗಿದೆ. ಸಾಲ ಕೊಟ್ಟ ಧನಿಯು ವಸೂಲಿಗೆಂದು ಸಾಲಗಾರನ ಬಳಿಗೆ ಬರುತ್ತಾನೆ. ಸಾಲಗಾರನು ಹಣದ ಮಾತನ್ನು ಬಿಟ್ಟು ಒಂದು ಪ್ರಶ್ನೆಯನ್ನು ಕೇಳುತ್ತಾನೆ: ಹರಳುಗಳ ರಾಶಿಗೆ ಒಂದು ಹರಳನ್ನು ಸೇರಿಸಿದರೆ ಅಥವಾ ಒಂದನ್ನು ತೆಗೆದರೆ, ಎಣಿಕೆಯು ಮೊದಲಿನದೇ ಆಗಿ ಉಳಿಯುವುದೇ? ಉಳಿಯದೆಂದು ಧನಿಯು ಒಪ್ಪುತ್ತಾನೆ. ಮನುಷ್ಯನ ಶರೀರವೂ ಅಂತೆಯೇ ದಿನದಿನಕ್ಕೆ ಬೆಳೆಯುತ್ತ, ಸವೆಯುತ್ತ ಇರುವುದಾದ್ದರಿಂದ ಅಂದು ಸಾಲ ಪಡೆದವನು ಬೇರೆ, ಇಂದು ಎದುರಿಗೆ ನಿಂತಿರುವವನು ಬೇರೆ ಎಂಬುದು ಸಾಲಗಾರನ ಸಿದ್ಧಾಂತ. ಉತ್ತರ ತೋಚದ ಧನಿಯು ಕೋಪದಿಂದ ಅವನಿಗೆ ಏಟು ಕೊಡುತ್ತಾನೆ. ಸಾಲಗಾರನು ದೂರಿದಾಗ ಧನಿಯು ಅದೇ ವಾದವನ್ನು ಹಿಂದಿರುಗಿಸುತ್ತಾನೆ: ಹೊಡೆದವನು ಬೇರೆ, ಈಗ ನಿಂತಿರುವವನು ಬೇರೆ!

ಈ ಪ್ರಸಂಗವು ನಗೆ ತರಿಸುವಂಥದು. ಆದರೆ ಅದರ ಹಿಂದಿರುವ ಪ್ರಶ್ನೆಯು ನಕ್ಕು ಬಿಡುವಂಥದಲ್ಲ. ಸರ್ವವೂ ಕ್ಷಣಕ್ಷಣಕ್ಕೆ ಬದಲಾಗುತ್ತಿರುವುದು ದಿಟವಾದರೆ, ನಿನ್ನೆ ಕೊಟ್ಟ ಮಾತಿಗೆ ಇಂದು ಬದ್ಧನಾದವನು ಯಾರು? ನಿನ್ನೆಯ ಅಪರಾಧಕ್ಕೆ ಇಂದು ಪಶ್ಚಾತ್ತಾಪ ಪಡಬೇಕಾದವನು ಯಾರು? ಇದಕ್ಕೆ ಪ್ರತಿಯಾಗಿ, ಮನುಷ್ಯನ ಒಳಗಿನ ತತ್ತ್ವವು ಎಂದೆಂದಿಗೂ ಬದಲಾಗದಂಥದಾದರೆ, ಪಶ್ಚಾತ್ತಾಪದಿಂದ ತಿದ್ದಿಕೊಳ್ಳುವುದಾದರೂ ಏನನ್ನು? ಇಪ್ಪತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ‘ಪ್ರಕ್ರಿಯಾ ದರ್ಶನ’ವೆಂಬ ಹೆಸರಿನಿಂದ ಬೆಳೆದ ವಿಚಾರಧಾರೆಯು ಈ ಹಳೆಯ ಪ್ರಶ್ನೆಗೆ ಹೊಸ ತೀಕ್ಷ್ಣತೆಯನ್ನು ತಂದಿತು. ಜೈನ ದರ್ಶನದ ದ್ರವ್ಯ-ಪರ್ಯಾಯ ವಿಚಾರದೊಡನೆ ಅದನ್ನು ತೂಗಿ ನೋಡುವುದು ಕೇವಲ ಪಂಡಿತರ ಕಾಲಕ್ಷೇಪವಲ್ಲ. ಶ್ರಾವಕನ ನಿತ್ಯ ವ್ಯವಹಾರದ ಒಂದು ಮೂಲಭೂತ ತಪ್ಪನ್ನು ಅದು ಎತ್ತಿ ತೋರಿಸಬಲ್ಲುದು.

ವಸ್ತುವೋ, ಘಟನೆಯೋ?

ಎಫೆಸಸ್ ನಗರದ ಹೆರಾಕ್ಲಿಟಸನು ಜಗತ್ತನ್ನು ಹರಿಯುವ ನದಿಗೆ ಹೋಲಿಸಿದನೆಂಬುದು ಪ್ರಸಿದ್ಧ. ಆದರೆ ಮುಂದಿನ ಪಾಶ್ಚಾತ್ಯ ತತ್ತ್ವಜ್ಞಾನದ ಮುಖ್ಯಧಾರೆಯು ನದಿಯನ್ನು ಬಿಟ್ಟು ಬಂಡೆಯನ್ನು ಹಿಡಿಯಿತು. ಹದಿನೇಳನೆಯ ಶತಮಾನದ ಫ್ರೆಂಚ್ ದಾರ್ಶನಿಕ ಡೆಕಾರ್ಟ್‌ನ ಮತದಲ್ಲಿ, ತನ್ನ ಇರವಿಗೆ ಅನ್ಯವಾದ ಯಾವುದನ್ನೂ ಅಪೇಕ್ಷಿಸದಿರುವುದೇ ದ್ರವ್ಯ. ಕಟ್ಟುನಿಟ್ಟಾಗಿ ಹೇಳಿದರೆ ಅಂಥದು ದೇವರೊಬ್ಬನೇ. ಸೃಷ್ಟಿಯಲ್ಲಿ ಆ ಹೆಸರಿಗೆ ಅರ್ಹವಾದವು ಎರಡು: ಚಿಂತಿಸುವ ಮನಸ್ಸು ಮತ್ತು ಸ್ಥಳವನ್ನು ಆಕ್ರಮಿಸುವ ಜಡ. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ದ್ರವ್ಯಗಳು ಮನುಷ್ಯನಲ್ಲಿ ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬ ಪ್ರಶ್ನೆಯು ಅಂದಿನಿಂದ ಇಂದಿನವರೆಗೂ ಯುರೋಪಿನ ಚಿಂತಕರನ್ನು ಕಾಡುತ್ತ ಬಂದಿದೆ.

ಈ ವಿಭಜನೆಯನ್ನು ಪ್ರಶ್ನಿಸಿದವರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಒಬ್ಬರು. 1890ರಲ್ಲಿ ಪ್ರಕಟವಾದ ತಮ್ಮ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ ಅವರು ಮನೋವ್ಯಾಪಾರವನ್ನು ಬಿಡಿ ಮಣಿಗಳ ಸರವೆಂದು ತಿಳಿಯದೆ ಪ್ರವಾಹವೆಂದು ವರ್ಣಿಸಿದರು. 1904ರ ಲೇಖನವೊಂದರಲ್ಲಿ, ಚೇತನವೆಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ಕಾರ್ಯದ ಹೆಸರು ಎಂದು ವಾದಿಸಿದರು. ಅದೇ ಕಾಲದಲ್ಲಿ ಫ್ರಾನ್ಸಿನ ಆಂರಿ ಬರ್ಗ್‌ಸನ್ನರು, ಗಡಿಯಾರ ಅಳೆಯುವ ಕಾಲವೇ ಬೇರೆ, ಜೀವನು ಅನುಭವಿಸುವ ಕಾಲವೇ ಬೇರೆ ಎಂಬುದನ್ನು ಪ್ರತಿಪಾದಿಸಿದರು.

ಈ ಎಳೆಗಳನ್ನು ಕೂಡಿಸಿ ಪೂರ್ಣ ದರ್ಶನವನ್ನು ಕಟ್ಟಿದವರು ಆಲ್ಫ್ರೆಡ್ ನಾರ್ತ್ ವೈಟ್‌ಹೆಡ್ (1861-1947). ಇವರು ಮೂಲತಃ ಗಣಿತಜ್ಞರು. ಬರ್ಟ್ರಂಡ್ ರಸೆಲ್ಲರೊಡನೆ ಗಣಿತದ ತಾರ್ಕಿಕ ತಳಹದಿಯನ್ನು ಕುರಿತು ಬರೆದ ಮೂರು ಸಂಪುಟಗಳು 1910ರಿಂದ 1913ರೊಳಗೆ ಹೊರಬಂದವು. ಮೊದಲನೆಯ ಮಹಾಯುದ್ಧದಲ್ಲಿ ವಿಮಾನದಳದಲ್ಲಿದ್ದ ಅವರ ಕಿರಿಯ ಮಗ ಎರಿಕ್ 1918ರಲ್ಲಿ ಮಡಿದನು. ಮರುವರ್ಷ ಪ್ರಕಟವಾದ ಗ್ರಂಥವನ್ನು ತಂದೆಯು ಆ ಮಗನಿಗೆ ಅರ್ಪಿಸಿದರು. ಇತರರು ವಿಶ್ರಾಂತಿಯನ್ನು ಬಯಸುವ ಅರವತ್ತಮೂರರ ವಯಸ್ಸಿನಲ್ಲಿ, 1924ರಲ್ಲಿ, ಅವರು ಇಂಗ್ಲೆಂಡನ್ನು ಬಿಟ್ಟು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದರು. ಎಡಿನ್‌ಬರೋದಲ್ಲಿ ನೀಡಿದ ಉಪನ್ಯಾಸಗಳಿಂದ ರೂಪುಗೊಂಡ ‘ಪ್ರೋಸೆಸ್ ಅಂಡ್ ರಿಯಾಲಿಟಿ’ 1929ರಲ್ಲಿ ಪ್ರಕಟವಾಯಿತು.

ಆ ಗ್ರಂಥದ ಸಾರವನ್ನು ಸರಳವಾಗಿ ಹೇಳುವುದಾದರೆ, ಜಗತ್ತಿನ ಮೂಲ ಘಟಕಗಳು ವಸ್ತುಗಳಲ್ಲ, ಅನುಭವದ ಘಟನೆಗಳು. ಪ್ರತಿಯೊಂದು ಘಟನೆಯೂ ತನಗೆ ಮುಂಚಿನ ಘಟನೆಗಳನ್ನು ತನ್ನೊಳಗೆ ಗ್ರಹಿಸಿಕೊಂಡು ಹುಟ್ಟುತ್ತದೆ, ಅವುಗಳಿಗೆ ತನ್ನದೊಂದು ರೂಪವನ್ನು ಕೊಟ್ಟು ಪೂರ್ಣವಾಗುತ್ತದೆ, ಪೂರ್ಣವಾದೊಡನೆ ಲಯಿಸುತ್ತದೆ. ಆದರೆ ಲಯವೆಂದರೆ ಶೂನ್ಯವಲ್ಲ. ಲಯಿಸಿದ ಘಟನೆಯು ಮುಂದೆ ಹುಟ್ಟುವ ಘಟನೆಗಳಿಗೆ ಸಾಮಗ್ರಿಯಾಗಿ ಒದಗುತ್ತದೆ. ಒಮ್ಮೆ ಆದದ್ದು ಆಗಲಿಲ್ಲವೆಂದು ಎಂದಿಗೂ ಆಗದು. ವರ್ತಕರಿಗೆ ಪರಿಚಿತವಾದ ಉಪಮೆಯಿಂದ ಇದನ್ನು ತಿಳಿಯಬಹುದು. ದೀಪಾವಳಿಯ ಹೊತ್ತಿಗೆ ಹಳೆಯ ಲೆಕ್ಕದ ಪುಸ್ತಕವನ್ನು ಮುಚ್ಚಿ ಹೊಸದನ್ನು ತೆರೆಯುತ್ತಾರೆ. ಮುಚ್ಚಿದ ಪುಸ್ತಕದಲ್ಲಿ ಇನ್ನು ಒಂದಕ್ಷರವನ್ನೂ ಬರೆಯುವಂತಿಲ್ಲ, ಅದರ ಆಯುಸ್ಸು ಮುಗಿಯಿತು. ಆದರೆ ಅದರ ಕೊನೆಯ ಪುಟದ ಬಾಕಿಯೇ ಹೊಸ ಪುಸ್ತಕದ ಮೊದಲ ಪುಟದ ಬಾಕಿ. ಹಿಂದಿನ ಶಿಲ್ಕನ್ನು ತಾರದೆ ಆರಂಭವಾಗುವ ಲೆಕ್ಕವು ಲೆಕ್ಕವೇ ಅಲ್ಲ.

ಅರಿವಿಗಿಂತ ವಿಶಾಲವಾದ ಅನುಭವ

ವೈಟ್‌ಹೆಡ್ಡರ ದರ್ಶನದಲ್ಲಿ ಅನುಭವ ಮತ್ತು ಅರಿವು ಒಂದೇ ಅಲ್ಲ. ಅರಿವೆಂಬುದು ಅನುಭವದ ವಿಶಾಲ ಕ್ಷೇತ್ರದಲ್ಲಿ ಅಲ್ಲಲ್ಲಿ ಬೀಳುವ ಬೆಳಕು. ಬೆಳಕು ಬೀಳದ ಭಾಗವು ಬಹುಪಾಲು. ಅಲ್ಲಿಯೂ ಹಿಂದಿನದು ಇಂದಿನದರೊಳಗೆ ಪ್ರವೇಶಿಸುವ ಕೆಲಸ ನಡೆದೇ ಇರುತ್ತದೆ.

ಇದಕ್ಕೆ ಹೊಂದುವ ಉದಾಹರಣೆಯೊಂದು ಮುಂದೆ ವೈದ್ಯವಿಜ್ಞಾನದಲ್ಲಿ ದೊರಕಿತು. ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಅಪಸ್ಮಾರದ ನಿವಾರಣೆಗಾಗಿ 1953ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಅದರಿಂದಾಗಿ ಹೊಸ ಸಂಗತಿಗಳನ್ನು ನೆನಪಿನಲ್ಲಿಡುವ ಶಕ್ತಿಯೇ ಅವರಿಗೆ ಇಲ್ಲವಾಯಿತು. ಕೆಲವು ನಿಮಿಷಗಳ ಹಿಂದೆ ಕಂಡವರನ್ನೂ ಅವರು ಹೊಸಬರೆಂದೇ ಭಾವಿಸುತ್ತಿದ್ದರು. 2008ರಲ್ಲಿ ತೀರಿಕೊಳ್ಳುವವರೆಗೂ ಈ ಸ್ಥಿತಿ ಮುಂದುವರಿಯಿತು. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಅವರಿಗೆ ಒಂದು ಅಭ್ಯಾಸವನ್ನು ಕೊಟ್ಟರು. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರಾಕೃತಿಯ ಎರಡು ಗೆರೆಗಳ ನಡುವೆ ಪೆನ್ಸಿಲನ್ನು ನಡೆಸಬೇಕು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು, ತಪ್ಪುಗಳು ಕಡಿಮೆಯಾದವು. ಆದರೆ ಈ ಕೆಲಸವನ್ನು ಹಿಂದೆ ಮಾಡಿದ ನೆನಪು ಅವರಿಗೆ ಇರಲೇ ಇಲ್ಲ. ಮಾಡಿದ್ದನ್ನು ಮನಸ್ಸು ಮರೆತಿತ್ತು, ಮಾಡಿದ್ದರ ಫಲವನ್ನು ಕೈ ಹೊತ್ತಿತ್ತು.

ಈ ಒಂದು ದೃಷ್ಟಾಂತವು ಯಾವ ದರ್ಶನವನ್ನೂ ಸಿದ್ಧಪಡಿಸುವುದಿಲ್ಲ. ಆದರೆ ಒಂದು ಅವಸರದ ಅಭಿಪ್ರಾಯವನ್ನು ಅದು ತಡೆಯುತ್ತದೆ. ಇಂಗ್ಲಿಷ್ ದಾರ್ಶನಿಕ ಜಾನ್ ಲಾಕ್‌ನು ವ್ಯಕ್ತಿಯ ಏಕತೆಯನ್ನು ಅವನ ಪ್ರಜ್ಞೆಯ ವ್ಯಾಪ್ತಿಯಿಂದ ಅಳೆದನು. ಗತಕರ್ಮವು ನೆನಪಿನಲ್ಲಿ ಎಷ್ಟು ದೂರದವರೆಗೆ ಇದೆಯೋ ಅಷ್ಟು ದೂರ ಮನುಷ್ಯನು ಅದೇ ವ್ಯಕ್ತಿ. ಹಾಗಾದರೆ ಮರೆವೇ ಋಣಮುಕ್ತಿಯಾಗಬೇಕಾದೀತು. ಮರೆತರೂ ಮಾಡಿದ್ದು ಮಾಡಿದವನೊಳಗೆ ಕೆಲಸಮಾಡುತ್ತಲೇ ಇರುತ್ತದೆ ಎಂಬುದನ್ನು ಮೊಲೈಸನ್ನರ ಕೈ ಸೂಚಿಸುತ್ತದೆ. ಕರ್ಮಬಂಧಕ್ಕೆ ಸ್ಮರಣೆಯ ಅಪೇಕ್ಷೆಯಿಲ್ಲವೆಂದು ಬಲ್ಲ ಜೈನರಿಗೆ ಈ ಮಾತು ಅಪರಿಚಿತವಾಗಿ ತೋರದು.

ಇಷ್ಟು ಸಾಮ್ಯವಿದ್ದರೂ ಭೇದವನ್ನು ಮರೆಮಾಚಬಾರದು. ವೈಟ್‌ಹೆಡ್ಡರ ಮತದಲ್ಲಿ ಅನುಭವದ ಅಂಶವಿಲ್ಲದ ಘಟನೆಯೇ ಇಲ್ಲ, ಪರಮಾಣುವಿನ ಮಟ್ಟದಲ್ಲಿಯೂ ಅದರ ಅತ್ಯಲ್ಪ ಛಾಯೆಯುಂಟು. ಜೈನ ದರ್ಶನದಲ್ಲಾದರೋ ಉಪಯೋಗವು ಜೀವದ ಲಕ್ಷಣ, ಪುದ್ಗಲವು ಅಜೀವ. ಏಕೇಂದ್ರಿಯ ಜೀವಗಳನ್ನು ಪೃಥ್ವಿಯಲ್ಲಿಯೂ ನೀರಿನಲ್ಲಿಯೂ ಕಾಣುವ ಜೈನರು, ಆ ಜೀವವನ್ನೂ ಅದು ಧರಿಸಿದ ಪುದ್ಗಲಶರೀರವನ್ನೂ ಒಂದೆಂದು ಎಣಿಸುವುದಿಲ್ಲ. ಚೇತನ-ಜಡಗಳ ಗಡಿಯನ್ನು ಒಬ್ಬರು ಅಳಿಸುತ್ತಾರೆ, ಇನ್ನೊಬ್ಬರು ಸ್ಪಷ್ಟವಾಗಿ ಎಳೆಯುತ್ತಾರೆ. ಆದರೆ ಚೇತನವು ಮನುಷ್ಯನೊಬ್ಬನ ಸ್ವತ್ತಲ್ಲ ಎಂಬಲ್ಲಿ ಇಬ್ಬರೂ ಒಂದೇ ಕಡೆ ನಿಲ್ಲುತ್ತಾರೆ.

ಘಟ, ಮುಕುಟ, ಸುವರ್ಣ

ಸಾಲಗಾರನ ವಾದಕ್ಕೆ ವೈಟ್‌ಹೆಡ್ಡರ ದರ್ಶನದಿಂದ ದೊರೆಯುವ ಉತ್ತರವೇನು? ಮನುಷ್ಯನೆಂಬುವನು ಘಟನೆಗಳ ಒಂದು ಪರಂಪರೆ. ಪ್ರತಿ ಘಟನೆಯೂ ಹಿಂದಿನದನ್ನು ಉತ್ತರಾಧಿಕಾರವಾಗಿ ಪಡೆಯುತ್ತದೆ. ಆಸ್ತಿಯನ್ನು ಪಡೆದ ಉತ್ತರಾಧಿಕಾರಿಗೆ ಸಾಲವೂ ಬರುತ್ತದೆ ಎಂದು ಇದರಿಂದ ಹೇಳಬಹುದು. ಬೌದ್ಧರ ‘ಮಿಲಿಂದಪಞ್ಹ’ದಲ್ಲಿ ನಾಗಸೇನ ಸ್ಥವಿರರು ಯವನರಾಜ ಮಿಲಿಂದನಿಗೆ ಹೇಳುವ ದೃಷ್ಟಾಂತವೂ ಈ ಜಾತಿಯದೇ. ಮಾವಿನ ಹಣ್ಣನ್ನು ಕದ್ದವನು, ಒಡೆಯನು ನೆಟ್ಟ ಮಾವು ಬೇರೆ, ತಾನು ಕದ್ದ ಮಾವು ಬೇರೆ ಎಂದು ವಾದಿಸಿದರೆ ಅವನು ದಂಡದಿಂದ ಪಾರಾಗಲಾರನು, ಏಕೆಂದರೆ ಕದ್ದ ಹಣ್ಣು ನೆಟ್ಟ ಬೀಜದಿಂದಲೇ ಬಂದುದು.

ಜೈನ ನ್ಯಾಯಗ್ರಂಥಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತುತ್ತವೆ. ಮಾಡಿದ ಕ್ಷಣವು ಸಂಪೂರ್ಣವಾಗಿ ನಾಶವಾಗಿ, ಉಣ್ಣುವ ಕ್ಷಣವು ಬೇರೆಯಾಗಿ ಹುಟ್ಟುವುದಾದರೆ, ಮಾಡಿದವನಿಗೆ ಫಲವಿಲ್ಲದೆ ಹೋಯಿತು, ಮಾಡದವನಿಗೆ ಫಲ ಬಂದಿತು. ತಂದೆಯ ಸಾಲವನ್ನು ಮಗನು ಹೊರಬಹುದು. ಆದರೆ ತಂದೆಯ ಪಶ್ಚಾತ್ತಾಪವನ್ನು ಮಗನು ಪಡಲಾರನು. ಪರಂಪರೆ ಮಾತ್ರ ಇದ್ದರೆ ಸಾಲದು, ಪರಂಪರೆಯುದ್ದಕ್ಕೂ ಪರಿಣಮಿಸುತ್ತಿರುವ ಒಂದು ಇರಬೇಕು. ಇನ್ನೊಂದು ಕಡೆ, ಆತ್ಮವು ಯಾವ ವಿಕಾರವನ್ನೂ ಹೊಂದದ ಕೂಟಸ್ಥನಿತ್ಯವೆಂದು ಹಿಡಿದರೆ, ಪುಣ್ಯ-ಪಾಪ, ಬಂಧ-ಮೋಕ್ಷಗಳಿಗೆ ಎಡೆಯೇ ಇರದು. ತಪ್ಪು ಮಾಡುವುದಕ್ಕೂ ತಿದ್ದಿಕೊಳ್ಳುವುದಕ್ಕೂ ಬದಲಾವಣೆ ಬೇಕೇ ಬೇಕು.

ಈ ಎರಡು ಏಕಾಂತಗಳ ನಡುವೆ ‘ತತ್ತ್ವಾರ್ಥಸೂತ್ರ’ದ ಐದನೆಯ ಅಧ್ಯಾಯವು ಸತ್ತೆಗೆ ಲಕ್ಷಣ ಹೇಳಿದೆ: ಹುಟ್ಟು, ಅಳಿವು, ಸ್ಥಿರತೆ ಈ ಮೂರೂ ಒಂದರಲ್ಲೇ ಏಕಕಾಲಕ್ಕೆ ಕೂಡಿರುವುದೇ ಸತ್. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಇದನ್ನು ಚಿನಿವಾರನ ಅಂಗಡಿಯ ದೃಷ್ಟಾಂತದಿಂದ ತಿಳಿಸುತ್ತಾರೆ. ಚಿನ್ನದ ಕಲಶವನ್ನು ಕರಗಿಸಿ ಕಿರೀಟವನ್ನು ಮಾಡಿದಾಗ, ಕಲಶವನ್ನು ಬಯಸಿದವನಿಗೆ ದುಃಖ, ಕಿರೀಟವನ್ನು ಬಯಸಿದವನಿಗೆ ಹರ್ಷ, ಚಿನ್ನವನ್ನಷ್ಟೇ ಬಯಸಿದವನಿಗೆ ಎರಡೂ ಇಲ್ಲದ ಸಮಭಾವ. ಮೂವರ ಭಾವಕ್ಕೂ ಕಾರಣವುಂಟು, ಯಾರೊಬ್ಬರದೂ ಭ್ರಮೆಯಲ್ಲ. ಅದರ ಜೊತೆಗೆ ಇನ್ನೊಂದು ದೃಷ್ಟಾಂತವೂ ಇದೆ. ಹಾಲನ್ನು ಮಾತ್ರ ಸೇವಿಸುವ ವ್ರತದವನು ಮೊಸರನ್ನು ಮುಟ್ಟನು, ಮೊಸರಿನ ವ್ರತದವನು ಹಾಲನ್ನು ಮುಟ್ಟನು, ಗೋರಸವನ್ನೇ ತ್ಯಜಿಸಿದವನು ಎರಡನ್ನೂ ಮುಟ್ಟನು. ಹಾಲು ಮೊಸರಾದುದು ನಿಜ, ಆದರೂ ಗೋರಸವು ಗೋರಸವೇ.

ವೈಟ್‌ಹೆಡ್ಡರು ಖಂಡಿಸಿದ ದ್ರವ್ಯವು ಡೆಕಾರ್ಟನ ದ್ರವ್ಯ. ಅದು ಸ್ವಯಂಪೂರ್ಣ, ನಿಶ್ಚಲ, ಬದಲಾವಣೆಯನ್ನು ಮೇಲುಡುಪಿನಂತೆ ಹೊದ್ದುಕೊಂಡಿರುವಂಥದು. ಜೈನರ ದ್ರವ್ಯವು ಹಾಗಲ್ಲ. ಪರ್ಯಾಯವಿಲ್ಲದ ದ್ರವ್ಯವಿಲ್ಲ, ದ್ರವ್ಯವಿಲ್ಲದ ಪರ್ಯಾಯವೂ ಇಲ್ಲ. ಕಲಶವೂ ಆಗದ, ಕಿರೀಟವೂ ಆಗದ, ಗಟ್ಟಿಯ ಆಕಾರವನ್ನೂ ತಳೆಯದ ಚಿನ್ನವನ್ನು ಯಾವ ಚಿನಿವಾರನೂ ತೂಗಿಲ್ಲ. ಆದ್ದರಿಂದ ವೈಟ್‌ಹೆಡ್ಡರ ಖಂಡನೆಯು ಜೈನರ ದ್ರವ್ಯಕ್ಕೆ ನೇರವಾಗಿ ತಾಗದು. ಬದಲಾವಣೆಯು ಸತ್ಯದ ಒಳಗಿನ ಮಾತೇ ಹೊರತು ಹೊರಗಿನ ಮಾಯೆಯಲ್ಲ ಎಂಬಷ್ಟರಲ್ಲಿ ಅದು ಜೈನರ ಪಕ್ಷಕ್ಕೇ ಬಲ ಕೊಡುತ್ತದೆ.

ಲೌಕಿಕ ಕಾನೂನಿನಲ್ಲಿಯೂ ಈ ವಿವೇಕದ ಒಂದು ಛಾಯೆಯಿದೆ. ಸಾಮಾನ್ಯ ಕೈಸಾಲದ ವಸೂಲಿಗೆ 1963ರ ಕಾಲಮಿತಿ ಕಾಯಿದೆಯು ಮೂರು ವರ್ಷಗಳ ಅವಧಿಯನ್ನು ಗೊತ್ತುಪಡಿಸಿದೆ. ಅವಧಿ ಕಳೆದರೆ ನ್ಯಾಯಾಲಯದ ಬಾಗಿಲು ಮುಚ್ಚುತ್ತದೆ. ಆದರೆ ಸಾಲವೇ ಇಲ್ಲವಾಯಿತೆಂದು ಕಾನೂನು ಹೇಳುವುದಿಲ್ಲ. 1872ರ ಕರಾರು ಕಾಯಿದೆಯ 25ನೆಯ ಪ್ರಕರಣದ ಪ್ರಕಾರ, ಅವಧಿ ಮೀರಿದ ಸಾಲವನ್ನು ತೀರಿಸುವೆನೆಂದು ಸಾಲಗಾರನು ಬರೆದು ಸಹಿ ಮಾಡಿಕೊಟ್ಟರೆ, ಹೊಸದಾಗಿ ಯಾವ ಪ್ರತಿಫಲವನ್ನೂ ಪಡೆಯದಿದ್ದರೂ ಆ ಮಾತು ಅವನನ್ನು ಕಟ್ಟುತ್ತದೆ. ವಸೂಲಿಯ ದಾರಿ ಅಳಿಯಿತು, ಹೊಸ ಮಾತು ಹುಟ್ಟಿತು, ಋಣವು ಉಳಿದೇ ಇತ್ತು.

ಅದಲುಬದಲಾದ ನಯ

ಒಂದೇ ವಸ್ತುವನ್ನು ಸ್ಥಿರತೆಯ ಕಡೆಯಿಂದ ನೋಡುವುದು ದ್ರವ್ಯಾರ್ಥಿಕ ನಯ, ಬದಲಾವಣೆಯ ಕಡೆಯಿಂದ ನೋಡುವುದು ಪರ್ಯಾಯಾರ್ಥಿಕ ನಯ. ಎರಡೂ ಸತ್ಯದ ಅಂಶಗಳೇ. ಆದರೆ ಯಾವುದನ್ನು ಎಲ್ಲಿ ಪ್ರಯೋಗಿಸಬೇಕೆಂಬಲ್ಲಿ ಮನುಷ್ಯನ ಪ್ರಾಮಾಣಿಕತೆ ಪರೀಕ್ಷೆಗೆ ಬರುತ್ತದೆ.

ಲೋಕದ ರೂಢಿಯನ್ನು ನೋಡಿದರೆ ಒಂದು ವಿಚಿತ್ರವು ಕಾಣುತ್ತದೆ. ತನ್ನ ತಪ್ಪಿನ ಮಾತು ಬಂದಾಗ ಮನುಷ್ಯನು ಪರ್ಯಾಯವನ್ನು ಹಿಡಿಯುತ್ತಾನೆ: ಅದು ಹಳೆಯ ಮಾತು, ಅಂದಿನ ಸ್ಥಿತಿಯೇ ಬೇರೆ, ಅಂದಿನ ವಯಸ್ಸೇ ಬೇರೆ. ನೆರೆಯವನ ತಪ್ಪಿನ ಮಾತು ಬಂದಾಗ ದ್ರವ್ಯವನ್ನು ಹಿಡಿಯುತ್ತಾನೆ: ಅವನ ಜಾಯಮಾನವೇ ಅಂಥದು, ಅವರ ಮನೆತನವೇ ಅಂಥದು, ನಾಯಿಯ ಬಾಲ ಎಂದಾದರೂ ನೆಟ್ಟಗಾದೀತೇ? ತಾನು ಕೊಡಬೇಕಾದಲ್ಲಿ ಎಲ್ಲವೂ ಕ್ಷಣಿಕ, ತನಗೆ ಬರಬೇಕಾದಲ್ಲಿ ಎಲ್ಲವೂ ನಿತ್ಯ. ಎಪಿಖಾರ್ಮಸನ ಸಾಲಗಾರನೂ ತಪ್ಪಿದ್ದು ಇಲ್ಲಿಯೇ. ಬದಲಾವಣೆ ಸತ್ಯವೆಂದು ಹೇಳಿದುದು ಅವನ ದೋಷವಲ್ಲ, ಆ ಸತ್ಯವನ್ನು ತನ್ನ ಲಾಭದ ಕಡೆಗೆ ಮಾತ್ರ ತಿರುಗಿಸಿದುದು ದೋಷ. ಒಂದು ಏಟು ಬಿದ್ದೊಡನೆ ಅವನು ನಿತ್ಯವಾದಿಯಾದುದೇ ಇದಕ್ಕೆ ಸಾಕ್ಷಿ.

ಸಣ್ಣ ಊರುಗಳಲ್ಲಿ ಈ ಅದಲುಬದಲು ಮಾಡುವ ಹಾನಿ ಅಷ್ಟಿಷ್ಟಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆಗೆ ಕೈ ಹಾಕಿದ ಗುಮಾಸ್ತನು, ಅನಂತರ ಮೂವತ್ತು ವರ್ಷ ನೆಟ್ಟಗೆ ಬದುಕಿದರೂ, ಅವನ ಮಗಳ ಮದುವೆಯ ಮಾತುಕತೆಯಲ್ಲಿ ಆ ಒಂದು ದಿನವೇ ಮುಂದೆ ಬರುತ್ತದೆ. ಆ ಮಾತನ್ನು ಎತ್ತಿದವರ ಮನೆಯಲ್ಲಿ ತಮ್ಮನಿಗೆ ಸಲ್ಲಬೇಕಾದ ಪಾಲು ಅಷ್ಟೇ ವರ್ಷಗಳಿಂದ ಸಲ್ಲದೆ ಉಳಿದಿರಬಹುದು. ಅದಕ್ಕೆ ಮಾತ್ರ ಹಳೆಯ ಕಥೆಯೆಂಬ ಹೆಸರು.

ಜೈನ ಆಚರಣೆಯಲ್ಲಿ ಈ ನಯಗಳ ಯೋಗ್ಯ ಸ್ಥಾನವು ಗೊತ್ತಾಗಿಯೇ ಇದೆ. ಪ್ರತಿಕ್ರಮಣದಲ್ಲಿ ಶ್ರಾವಕನು ಕಳೆದ ಕಾಲದ ದೋಷಗಳನ್ನು ತನ್ನವೇ ಎಂದು ಒಪ್ಪಿಕೊಳ್ಳುತ್ತಾನೆ. ಮಾಡಿದವನು ಬೇರೆ, ಕುಳಿತವನು ಬೇರೆ ಎನ್ನುವವನಿಗೆ ಪ್ರತಿಕ್ರಮಣವಿಲ್ಲ. ಇದು ತನ್ನ ವಿಷಯದಲ್ಲಿ ದ್ರವ್ಯದೃಷ್ಟಿ. ದಶಲಕ್ಷಣ ಪರ್ವದ ಕೊನೆಗೆ ಬರುವ ಕ್ಷಮಾವಣಿಯಲ್ಲಿ ಅವನು ಇತರರ ಅಪರಾಧವನ್ನು ಕ್ಷಮಿಸುತ್ತಾನೆ. ಅಪರಾಧ ಮಾಡಿದ ಪರ್ಯಾಯವು ಕಳೆಯಬಲ್ಲುದು, ಎದುರಿಗಿರುವ ಜೀವವು ಬೇರೊಂದು ಪರ್ಯಾಯವನ್ನು ತಳೆಯಬಲ್ಲುದು ಎಂಬ ನಂಬಿಕೆಯಿಲ್ಲದೆ ಕ್ಷಮೆಯು ಬಾಯಿಮಾತಾಗುತ್ತದೆ. ಇದು ಪರರ ವಿಷಯದಲ್ಲಿ ಪರ್ಯಾಯದೃಷ್ಟಿ. ಕ್ಷಮಿಸುವುದೆಂದರೆ ಲೆಕ್ಕವನ್ನು ಹರಿದುಹಾಕುವುದಲ್ಲ. ಬರಬೇಕಾದ ಹಣವನ್ನು ಕೇಳಬಹುದು, ಆದರೆ ಮನುಷ್ಯನನ್ನು ಅವನ ಒಂದು ದಿನದೊಳಗೆ ಶಾಶ್ವತವಾಗಿ ಸೆರೆಯಿಡಬಾರದು. ಅಂತೆಯೇ ತನ್ನ ದೋಷವನ್ನು ತನ್ನದೆಂದು ಒಪ್ಪಿದವನು, ತಾನು ಎಂದೆಂದಿಗೂ ಅಂಥವನೇ ಎಂದು ಎದೆಗುಂದಬೇಕಾಗಿಯೂ ಇಲ್ಲ. ಕಲಶವಾದ ಚಿನ್ನವು ಕಿರೀಟವೂ ಆಗಬಲ್ಲುದು.

ವ್ಯಕ್ತಿಗಳಿಗೆ ಸಲ್ಲುವ ಮಾತು ಸಂಸ್ಥೆಗಳಿಗೂ ಸಲ್ಲುತ್ತದೆ. ಬಸದಿಯ ಟ್ರಸ್ಟೊಂದರಲ್ಲಿ ಐವತ್ತು ವರ್ಷಗಳ ಹಿಂದೆ ವೃದ್ಧೆಯೊಬ್ಬಳು ಬಡ ವಿದ್ಯಾರ್ಥಿಗಳ ಊಟಕ್ಕೆಂದು ಹಣವನ್ನು ಇಟ್ಟಿದ್ದಾಳೆಂದು ಭಾವಿಸೋಣ. ಅಂದು ರಶೀದಿಗೆ ಸಹಿ ಹಾಕಿದವರಲ್ಲಿ ಒಬ್ಬರೂ ಈಗ ಇಲ್ಲ. ಹೊಸ ಸಮಿತಿಗೆ ಗೋಪುರದ ಬಣ್ಣ, ಸಭಾಭವನದ ನೆಲಗಲ್ಲು ಹೆಚ್ಚು ಜರೂರೆಂದು ತೋರುತ್ತದೆ. ಅಂದು ಮಾತು ಕೊಟ್ಟವರು ಬೇರೆ, ಇಂದಿನ ಸದಸ್ಯರು ಬೇರೆ ಎಂಬ ಮಾತು ಸಭೆಯಲ್ಲಿ ಏಳುತ್ತದೆ. ಇದು ಸಿಸಿಲಿಯ ಸಾಲಗಾರನ ವಾದವೇ. ಶ್ರವಣಬೆಳಗೊಳದ ಶಾಸನಗಳಲ್ಲಿ ಗೊಮ್ಮಟದೇವರ ಅಭಿಷೇಕದ ಹಾಲಿಗೆ, ಪೂಜೆಯ ಹೂವಿಗೆ ಹೊನ್ನನ್ನೂ ಭೂಮಿಯನ್ನೂ ಬಿಟ್ಟ ದಾನಿಗಳ ಹೆಸರುಗಳಿವೆ. ದಾನಶಾಸನಗಳು ಚಂದ್ರಸೂರ್ಯರಿರುವವರೆಗೂ ನಡೆಯಲೆಂದು ಹಾರೈಸುವಾಗ, ಬರೆಸಿದವರಿಗೆ ತಾವು ಅಷ್ಟು ಕಾಲ ಇರೆವೆಂಬುದು ತಿಳಿದೇ ಇತ್ತು. ಸದಸ್ಯರು ಪರ್ಯಾಯದಂತೆ ಬಂದು ಹೋಗುವರು, ಧರ್ಮಕ್ಕೆ ಕೊಟ್ಟ ಮಾತು ಮುಂದುವರಿಯಬೇಕು ಎಂಬ ಭರವಸೆಯ ಮೇಲೆಯೇ ಅವರು ಹೊನ್ನನ್ನು ಬಿಟ್ಟರು.

ಮಗನನ್ನು ಕಳೆದುಕೊಂಡ ಗಣಿತಜ್ಞರೊಬ್ಬರು, ಆದದ್ದು ಎಂದಿಗೂ ಆಗದ್ದಾಗಲಾರದು ಎಂಬ ಸಿದ್ಧಾಂತವನ್ನು ತಮ್ಮ ದರ್ಶನದ ನಡುವೆ ಇಟ್ಟರು. ಆ ಮಾತಿನಲ್ಲಿ ಸಾಂತ್ವನವಿದೆ, ಎಚ್ಚರಿಕೆಯೂ ಇದೆ. ಮಾಡಿದ ಒಳ್ಳೆಯದು ನಷ್ಟವಾಗದು, ಉಳಿಸಿಕೊಂಡ ಬಾಕಿಯೂ ನಷ್ಟವಾಗದು. ದೀಪಾವಳಿಯ ರಾತ್ರಿ ಹೊಸ ಪುಸ್ತಕಕ್ಕೆ ಕುಂಕುಮವಿಡುವ ಗೃಹಸ್ಥನು, ಅದೇ ಮುಂಜಾವಿನಲ್ಲಿ ಮಹಾವೀರ ಸ್ವಾಮಿಯ ನಿರ್ವಾಣಪೂಜೆಯನ್ನು ಮುಗಿಸಿ ಬಂದವನು. ಮೊದಲ ಪುಟದಲ್ಲಿ ಬರಬೇಕಾದುದನ್ನು ಬರೆಯುವ ಮೊದಲು ಕೊಡಬೇಕಾದುದನ್ನು ಬರೆಯುವ ಅಭ್ಯಾಸವನ್ನು ಅವನು ಇಟ್ಟುಕೊಂಡರೆ, ದ್ರವ್ಯ-ಪರ್ಯಾಯಗಳ ವಿಚಾರವನ್ನು ಅವನು ಸರಿಯಾಗಿ ತಿಳಿದಂತೆಯೇ ಸರಿ.